ಮಕ್ಕಳಿಗೆ ಮಾತ್ರ ಅನುಮತಿ: ಪ್ರಾಗ್‌ನಿಂದ ಲಂಡನ್ನಿನವರೆಗೆ

ಬುಧವಾರ, ಪ್ರಾಗ್

ಪ್ರಾಗ್ ನಗರದ ಮುಖ್ಯ ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಒಂದು ಮಗುವನ್ನು ಎತ್ತಿಕೊಂಡು, ಇನ್ನೊಂದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿರುವ ವ್ಯಕ್ತಿಯೊಬ್ಬರ ಕಂಚಿನ ಪ್ರತಿಮೆಯಿದೆ. ಅವರು ನಿಕೋಲಸ್ ವಿಂಟನ್. ಲಂಡನ್ನಿನಲ್ಲಿ ಷೇರು ದಲ್ಲಾಳಿಯಾಗಿದ್ದ ಇವರು 1938ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಹಿಮದಲ್ಲಿ ರಜೆ ಕಳೆಯಲು ಹೊರಟಿದ್ದರು. ಗೆಳೆಯರೊಬ್ಬರ ಕರೆ ಬಂದದ್ದರಿಂದ ಪ್ರಯಾಣದ ದಿಕ್ಕು ಬದಲಿಸಿ ಪ್ರಾಗ್‌ಗೆ ಬಂದರು. ವೆನ್ಸೆಸ್ಲಾಸ್ ಚೌಕದ ಹೋಟೆಲೊಂದರಲ್ಲಿ ಕೆಲವು ವಾರ ಕುಳಿತು, ನಾಜಿಗಳ ಕೈಯಿಂದ ಮಕ್ಕಳನ್ನಾದರೂ ಪಾರುಮಾಡಲು ಸಾಲುಗಟ್ಟಿ ಬಂದ ತಂದೆತಾಯಿಯರಿಂದ ಮಕ್ಕಳ ಹೆಸರುಗಳನ್ನು ಬರೆದುಕೊಂಡು, ಲಂಡನ್ನಿಗೆ ಮರಳಿದ ಮೇಲೆ ಆ ಮಕ್ಕಳನ್ನು ಸಾಕುವ ಮನೆಗಳನ್ನು ಹುಡುಕತೊಡಗಿದರು. 1939ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಬಹುಪಾಲು ಯಹೂದಿಗಳೇ ಆಗಿದ್ದ 669 ಮಕ್ಕಳು ಈ ನಗರದಿಂದ ಬ್ರಿಟನ್ ಸೇರಿದರು. 1938–39ರಲ್ಲಿ ನಾಜಿ ಆಳ್ವಿಕೆಯಿಂದ ಮಕ್ಕಳನ್ನು ಮಾತ್ರ ಬ್ರಿಟನ್ನಿಗೆ ಕರೆತಂದ ಇಂಥ ಗಾಡಿಗಳ ಏರ್ಪಾಡಿಗೆ 'ಕಿಂಡರ್‌ಟ್ರಾನ್ಸ್‌ಪೋರ್ಟ್', ಅಂದರೆ ಮಕ್ಕಳ ಸಾಗಣೆ, ಎಂದು ಹೆಸರು.

ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳುವವರ ಸಾಲು ಚಿಕ್ಕದಿರಲಿಲ್ಲ. ವಿಂಟನ್ ಅವರಿಗೆ ಸಂದ ಗೌರವದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪ್ರಾಗ್‌ನಲ್ಲೇ ಉಳಿದು, ಮಾರ್ಚ್ 15ರಂದು ಜರ್ಮನ್ ಸೇನೆ ನಗರದೊಳಗೆ ಬಂದ ಮೇಲೂ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊದ ಕಚೇರಿಗಳಿಗೆ ಅಲೆದು, ಕಾಗದಪತ್ರ ಹೊಂದಿಸಿ, ಮಕ್ಕಳನ್ನು ಗಾಡಿ ಹತ್ತಿಸಿದ ಶಾಲಾ ಶಿಕ್ಷಕ ಟ್ರೆವರ್ ಚಾಡ್ವಿಕ್ ಮತ್ತು ಅವರಿಗೂ ಮುಂಚೆಯೇ ನಿರಾಶ್ರಿತರ ಕೆಲಸಕ್ಕೆ ನಿಂತಿದ್ದ ಡೊರೀನ್ ವಾರಿನರ್ ಇವರಿಬ್ಬರ ಹೆಸರನ್ನೂ ಇಲ್ಲಿ ನೆನೆಯಬೇಕು. ಹೆಚ್ಚಿನ ಶ್ರೇಯಸ್ಸು ಅವರದೆಂದು ವಿಂಟನ್ ಅವರೂ ಹೇಳುತ್ತಿದ್ದರು. ಕೊನೆಯದಾಗಿ ಹೊರಡಬೇಕಿದ್ದ ಗಾಡಿಯ ದಿನಾಂಕ 1939ರ ಸೆಪ್ಟೆಂಬರ್ 1. ಸುಮಾರು 250 ಮಕ್ಕಳ ಹೆಸರು ಅದರ ಪಟ್ಟಿಯಲ್ಲಿತ್ತು. ಅಂದೇ ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು, ಗಾಡಿ ಹೊರಡಲಿಲ್ಲ. ಆ ಮಕ್ಕಳಲ್ಲಿ ಬಹುತೇಕ ಯಾರೂ ಯುದ್ಧದ ಕೊನೆಯನ್ನು ಕಾಣಲಿಲ್ಲ.

ಇದೇ ನಿಲ್ದಾಣದಲ್ಲಿ ಇನ್ನೊಂದು ಸ್ಮಾರಕವಿದೆ. ಹುಡುಕಿಕೊಂಡು ಹೋಗದಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಹಳೆಯ ರೈಲು ಡಬ್ಬಿಯ ಬಾಗಿಲಿನ ಪ್ರತಿಕೃತಿ ಅದು, 2017ರಲ್ಲಿ ಸ್ಥಾಪನೆಯಾಯಿತು. ಬಾಗಿಲಿನ ಕಿಟಕಿ ಗಾಜಿಗೆ ಒಂದು ಕಡೆಯಿಂದ ಮಕ್ಕಳ ಅಂಗೈಗಳು, ಇನ್ನೊಂದು ಕಡೆಯಿಂದ ದೊಡ್ಡವರ ಅಂಗೈಗಳು ಒತ್ತಿಕೊಂಡಂತೆ ಅಚ್ಚು ಮೂಡಿಸಿದ್ದಾರೆ. ವಿಂಟನ್ ಅವರ ಗಾಡಿಗಳಲ್ಲಿ ಹೋಗಿ ಬದುಕುಳಿದವರು ತಮ್ಮ ತಂದೆತಾಯಿಯರಿಗೆ ಸಲ್ಲಿಸಿದ ಕೃತಜ್ಞತೆ ಇದು. ಇಲ್ಲಿಂದ ಲಂಡನ್ನಿನವರೆಗೆ ರೈಲಿನಲ್ಲೂ ಹಡಗಿನಲ್ಲೂ ಸಾಗುವಾಗ ಈ ಇತಿಹಾಸದ ಹಲವು ಸ್ಮಾರಕಗಳನ್ನು ಕಂಡೆ. ದೊಡ್ಡವರ ಕೈಗಳನ್ನು ಮಾತ್ರ ಮತ್ತೆಲ್ಲೂ ಕಾಣಲಿಲ್ಲ.

ಗುರುವಾರ, ಪ್ರಾಗ್

ಹಳೆಯ ಯಹೂದಿ ಬಡಾವಣೆಯಲ್ಲಿರುವ ಪಿಂಕಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಗೋಡೆಗಳ ತುಂಬ ಹೆಸರುಗಳಿವೆ. ಬೊಹೀಮಿಯಾ ಮತ್ತು ಮೊರಾವಿಯಾ ಪ್ರಾಂತಗಳಲ್ಲಿ ನಾಜಿಗಳಿಗೆ ಬಲಿಯಾದ 77,000ಕ್ಕೂ ಹೆಚ್ಚು ಯಹೂದಿಗಳನ್ನು ಊರೂರಿನಂತೆ ವಿಂಗಡಿಸಿ ಕೈಯಿಂದಲೇ ಬರೆದಿದ್ದಾರೆ. ಮನೆತನದ ಹೆಸರು, ಅದರ ಮುಂದೆ ವ್ಯಕ್ತಿಯ ಹೆಸರು, ಹುಟ್ಟಿದ ದಿನ, ಜೀವಂತವಾಗಿದ್ದರೆಂದು ತಿಳಿದಿರುವ ಕೊನೆಯ ದಿನ. 1950ರ ದಶಕದಲ್ಲಿ ಬರೆದ ಈ ಹೆಸರುಗಳು ನೆಲದ ತೇವದಿಂದ ಹಾಳಾದವು, 1968ರಿಂದ ಕಟ್ಟಡದ ಬಾಗಿಲೇ ಮುಚ್ಚಿತ್ತು. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ, 1990ರ ದಶಕದಲ್ಲಿ, ಎಲ್ಲವನ್ನೂ ಮೊದಲಿನಿಂದ ಮತ್ತೆ ಬರೆಯಬೇಕಾಯಿತು.

ನಿನ್ನೆ ಗಾಜಿನ ಮೇಲೆ ಕಂಡ ದೊಡ್ಡವರ ಅಂಗೈಗಳ ಒಡೆಯರು ಹೆಚ್ಚಿನಂಶ ಈ ಗೋಡೆಗಳ ಮೇಲೆಯೇ ಇದ್ದಾರೆ. ಗಂಡ ಮತ್ತು ಹೆಂಡತಿಯ ಹೆಸರಷ್ಟೇ ಇದ್ದು ಮಕ್ಕಳ ಹೆಸರಿಲ್ಲದ ಸಾಲುಗಳನ್ನು ಕಂಡಾಗ, ಇವರಿಗೆ ಮಕ್ಕಳೇ ಇರಲಿಲ್ಲವೋ, ಅಥವಾ ಇದ್ದ ಮಗು ಗಾಡಿ ಹತ್ತಿತ್ತೋ ಎಂಬ ಪ್ರಶ್ನೆ ಏಳುತ್ತದೆ. ಗೋಡೆ ಅದನ್ನು ಹೇಳುವುದಿಲ್ಲ. ಮೇಲಿನ ಮಹಡಿಯಲ್ಲಿ ತೆರೆಜಿನ್ ಬಂಧನಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಅಲ್ಲಿ ಅವರಿಗೆ ಕದ್ದುಮುಚ್ಚಿ ಪಾಠ ಹೇಳಿದ ಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್, ತಮ್ಮನ್ನು 1944ರಲ್ಲಿ ಆಶ್‌ವಿಟ್ಸ್ ಕೊಲೆಶಿಬಿರಕ್ಕೆ ಸಾಗಿಸುವ ಮುನ್ನ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟಿದ್ದರು. ಮನೆ, ಹೂಕುಂಡ, ಊಟದ ಮೇಜು, ರೈಲು ಇವೇ ಹೆಚ್ಚಿನ ಚಿತ್ರಗಳ ವಿಷಯ.

ಶುಕ್ರವಾರ, ಪ್ರಾಗ್‌ನಿಂದ ಬರ್ಲಿನ್

ಎಲ್ಬೆ ನದಿಯ ದಂಡೆಯ ಮೇಲೆ ಸಾಗುವ ಈ ರೈಲುಮಾರ್ಗ ಬಹಳ ಸುಂದರವಾದದ್ದು. ಆದರೆ ನಾನು ಹೆಚ್ಚು ಹೊತ್ತು ಓದುತ್ತಲೇ ಕುಳಿತಿದ್ದೆ.

1938ರ ನವೆಂಬರ್ 9 ಮತ್ತು 10ರಂದು ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ಸಿನಗಾಗ್‌ಗಳಿಗೆ ಬೆಂಕಿ ಬಿತ್ತು, ಯಹೂದಿಗಳ ಅಂಗಡಿಗಳು ಪುಡಿಯಾದವು, ಸುಮಾರು 30,000 ಗಂಡಸರನ್ನು ಹಿಡಿದು ಬಂಧನಶಿಬಿರಗಳಿಗೆ ತಳ್ಳಲಾಯಿತು. ವಾರ ಕಳೆಯುವಷ್ಟರಲ್ಲಿ ಬ್ರಿಟನ್ನಿನ ಯಹೂದಿ ಮುಖಂಡರು ಪ್ರಧಾನಿ ಚೇಂಬರ್ಲಿನ್ ಅವರನ್ನು ಕಂಡು, ಕನಿಷ್ಠ ಮಕ್ಕಳನ್ನಾದರೂ ಒಳಗೆ ಬಿಟ್ಟುಕೊಳ್ಳುವಂತೆ ಕೋರಿದರು. ನವೆಂಬರ್ 21ರಂದು ಸಂಸತ್ತಿನಲ್ಲಿ ಚರ್ಚೆಯಾಯಿತು. ಗೃಹಮಂತ್ರಿ ಸರ್ ಸ್ಯಾಮ್ಯುಯೆಲ್ ಹೋರ್ ಅಂದು ಆಡಿದ ಮಾತುಗಳಲ್ಲಿ ಒಂದು ಭಾಗವನ್ನು ನಾನು ಹಲವು ಬಾರಿ ಓದಿದ್ದೇನೆ. ಯಹೂದಿ ತಂದೆತಾಯಿಯರು ಮಕ್ಕಳನ್ನು ಅಗಲಲು ಸಿದ್ಧರಿದ್ದಾರೆಯೇ ಎಂದು ಜರ್ಮನಿಯ ಯಹೂದಿ ಸಂಸ್ಥೆಗಳಲ್ಲಿ ವಿಚಾರಿಸಿ ಬಂದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಪ್ರತಿನಿಧಿಯೊಬ್ಬರು, ಹೆಚ್ಚುಕಡಿಮೆ ಎಲ್ಲರೂ ಒಕ್ಕೊರಲಿನಿಂದ ಸಿದ್ಧರಿದ್ದಾರೆಂದು ನನಗೆ ತಿಳಿಸಿದರು ಎಂಬುದು ಅದರ ಸಾರಾಂಶ. ಆ ತಂದೆತಾಯಿಯರನ್ನೂ ಜೊತೆಗೆ ಕರೆತಂದರೆ ಹೇಗೆ ಎಂಬುದು ಈ ಯೋಜನೆಯ ಪ್ರಶ್ನೆಯೇ ಆಗಿರಲಿಲ್ಲ. ನಿರುದ್ಯೋಗ ಹೆಚ್ಚಿದ್ದ ಕಾಲವದು, ದೊಡ್ಡವರು ಬಂದರೆ ಕೆಲಸಗಳಿಗೆ ಪೈಪೋಟಿ ಬೀಳುತ್ತದೆಂಬ ಅಳುಕು ಸರ್ಕಾರಕ್ಕಿತ್ತು. ಹದಿನೇಳು ತುಂಬದ ಮಕ್ಕಳು ಮಾತ್ರ ಬರಬಹುದು, ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗಬಾರದು ಎಂಬ ಷರತ್ತು ಬಿತ್ತು. ಮುಂದೆ ಪ್ರತಿ ಮಗುವಿಗೆ 50 ಪೌಂಡ್ ಖಾತರಿಯೂ ಬೇಕಾಯಿತು. ಆ ಹಣ ಮಗುವನ್ನು ಒಂದು ದಿನ ದೇಶದಿಂದ ವಾಪಸು ಕಳಿಸುವ ಖರ್ಚಿಗೆಂದು.

ಇದು ಔದಾರ್ಯವಲ್ಲವೆಂದು ನಾನು ಹೇಳುತ್ತಿಲ್ಲ. ಇಪ್ಪತ್ತು ಸಾವಿರ ಮಕ್ಕಳನ್ನು ಕರೆತರುವ ಇಂಥದೇ ಮಸೂದೆ 1939ರಲ್ಲಿ ಅಮೆರಿಕದಲ್ಲಿ ಬಿದ್ದುಹೋಯಿತು. ಬ್ರಿಟನ್ ಸುಮಾರು 10,000 ಮಕ್ಕಳನ್ನು ಸೇರಿಸಿಕೊಂಡಿತು. ಆದರೆ ಆ ಪರವಾನಗಿಯನ್ನು ಕೊಟ್ಟ ಕೈಯೇ ಅಗಲಿಕೆಯನ್ನೂ ಷರತ್ತಾಗಿ ಬರೆಯಿತು. ಈ ಹಾದಿಯ ಸ್ಮಾರಕಗಳು ಪರವಾನಗಿಯನ್ನು ಹೊಗಳುವಷ್ಟು ಷರತ್ತನ್ನು ನೆನಪಿಸುವುದಿಲ್ಲವೆಂದು ಮಾತ್ರ ನನ್ನ ಅನಿಸಿಕೆ.

ಸಂಜೆ ಬರ್ಲಿನ್‌ನ ಫ್ರೀಡ್ರಿಶ್‌ಸ್ಟ್ರಾಸೆ ನಿಲ್ದಾಣದ ಹೊರಗೆ ತಂಗಿಯ ಮಗಳು ಕಾದಿದ್ದಳು. ಅಲ್ಲಿಯೇ ಫ್ರಾಂಕ್ ಮೈಸ್ಲರ್ ರಚಿಸಿದ ಶಿಲ್ಪವಿದೆ. ಡಾನ್‌ಸಿಗ್ ನಗರದಲ್ಲಿ ಹುಟ್ಟಿದ ಮೈಸ್ಲರ್ 1939ರ ಆಗಸ್ಟ್‌ನಲ್ಲಿ ಇಂಥದೇ ಗಾಡಿಯಲ್ಲಿ ಲಂಡನ್ ತಲುಪಿದವರು, ಅವರ ತಂದೆತಾಯಿ ಆಶ್‌ವಿಟ್ಸ್‌ನಲ್ಲಿ ಕೊಲೆಯಾದರು. ಇಲ್ಲಿ ಏಳು ಮಕ್ಕಳು ಬೆನ್ನಿಗೆ ಬೆನ್ನು ಮಾಡಿ ಎರಡು ದಿಕ್ಕಿಗೆ ಹೊರಟಿದ್ದಾರೆ. ತಿಳಿಬಣ್ಣದ ಇಬ್ಬರು ಬದುಕಿನ ಕಡೆಗೆ, ಕಪ್ಪುಗಟ್ಟಿದ ಐವರು ಸಾವಿನ ಕಡೆಗೆ. ಆ ಅನುಪಾತ ನಿಜಕ್ಕೆ ಹೋಲಿಸಿದರೆ ಉದಾರವೇ ಸರಿ. ನಾಜಿಗಳು ಕೊಂದ ಯಹೂದಿ ಮಕ್ಕಳು ಸುಮಾರು 15 ಲಕ್ಷ. ದಾರಿಹೋಕರು ಯಾರೋ ಒಂದು ಮಗುವಿನ ಕೈಗೆ ಗುಲಾಬಿ ಸಿಕ್ಕಿಸಿ ಹೋಗಿದ್ದರು.

"ಮಾವ, ದಿನಾ ಆಫೀಸಿಗೆ ಇದೇ ದಾರೀಲಿ ಹೋಗ್ತೀನಿ. ಇವತ್ತೇ ನಿಂತು ನೋಡಿದ್ದು," ಎಂದಳು ಅವಳು.

ಶನಿವಾರ, ಬರ್ಲಿನ್

ಫ್ರೀಡ್ರಿಶ್‌ಸ್ಟ್ರಾಸೆಯಲ್ಲಿ ನಗರ ರೈಲಿನ ಎಸ್7 ಗಾಡಿ ಹತ್ತಿದರೆ ಅರ್ಧ ಗಂಟೆಯೊಳಗೆ ಗ್ರುನೆವಾಲ್ಡ್ ಬರುತ್ತದೆ. ಶ್ರೀಮಂತರ ಬಂಗಲೆಗಳಿರುವ, ಮರಗಳಿಂದ ತುಂಬಿದ ಬಡಾವಣೆ. ಇಲ್ಲಿನ 17ನೇ ಹಳಿಯಿಂದ ಬರ್ಲಿನ್ನಿನ ಯಹೂದಿಗಳನ್ನು ಪೂರ್ವಕ್ಕೆ ಸಾಗಿಸಲಾಯಿತು. ಈಗ ಆ ಹಳಿಯಲ್ಲಿ ಗಾಡಿ ಓಡುವುದಿಲ್ಲ, ಹಳಿಗಳ ನಡುವೆ ಮರಗಳೇ ಬೆಳೆದಿವೆ. ಪ್ಲಾಟ್‌ಫಾರ್ಮಿನ ಅಂಚಿಗೆ ಹೊಂದಿಕೊಂಡಂತೆ 186 ಎರಕದ ಉಕ್ಕಿನ ಫಲಕಗಳನ್ನು ಹಾಸಿದ್ದಾರೆ. ಪ್ರತಿಯೊಂದರ ಅಂಚಿನಲ್ಲೂ ದಿನಾಂಕ, ತಲೆಗಳ ಲೆಕ್ಕ, ಹೊರಟ ಊರು, ತಲುಪಿದ ಊರು ಇಷ್ಟೇ. ಮೊದಲನೆಯದು 18.10.1941, 1,251 ಯಹೂದಿಗಳು, ಬರ್ಲಿನ್‌ನಿಂದ ಲೋಡ್ಜ್. ಅಲ್ಲಿಂದ ಅಂಚಿನುದ್ದಕ್ಕೂ ತಲೆ ಬಾಗಿಸಿಕೊಂಡೇ ಓದುತ್ತ ನಡೆಯಬೇಕು. ಕೊನೆಯದು 27.3.1945, ಆಗ ಸೋವಿಯತ್ ಸೇನೆ ಓಡರ್ ನದಿಯ ದಡದಲ್ಲಿತ್ತು. ಆ ದಿನದ ಸಾಗಣೆಯಲ್ಲಿದ್ದವರು 18 ಜನ. ಸೋಲು ಬಾಗಿಲಿಗೆ ಬಂದು ನಿಂತಾಗಲೂ ಹದಿನೆಂಟು ಜನಕ್ಕಾಗಿ ಗಾಡಿ ಹೊಂದಿಸುವ ವ್ಯವಧಾನ ಆ ಆಡಳಿತಕ್ಕಿತ್ತು.

ಮಕ್ಕಳು ಹೊರಟಿದ್ದು ನಗರದ ಬೇರೆ ನಿಲ್ದಾಣಗಳಿಂದ. 1938ರ ಡಿಸೆಂಬರ್ 1ರಂದು ಬರ್ಲಿನ್ ಬಿಟ್ಟ ಮೊದಲ ಗಾಡಿಯಲ್ಲಿ ಸುಮಾರು 200 ಮಕ್ಕಳಿದ್ದರು, ನವೆಂಬರ್ ಗಲಭೆಯಲ್ಲಿ ಧ್ವಂಸವಾದ ಯಹೂದಿ ಅನಾಥಾಲಯದ ಮಕ್ಕಳು ಅವರಲ್ಲಿ ಬಹಳ. ಇಲ್ಲಿನ ಗಾಡಿಗಳ ಏರ್ಪಾಡು ನೋಡಿಕೊಳ್ಳುತ್ತಿದ್ದವರಲ್ಲಿ ಇಪ್ಪತ್ತೈದರ ಆಜುಬಾಜಿನ ನಾರ್ಬರ್ಟ್ ವೋಲ್‌ಹೈಮ್ ಪ್ರಮುಖರು. ತಂದೆತಾಯಿ ಪ್ಲಾಟ್‌ಫಾರ್ಮಿಗೆ ಬರುವುದನ್ನು ಪೊಲೀಸರು ನಿಷೇಧಿಸಿದ್ದರಿಂದ, ನಿರೀಕ್ಷಣಾ ಕೊಠಡಿಯಲ್ಲೇ ವಿದಾಯ ಹೇಳಿ ಮುಗಿಸಿ ಎಂದು ಅವರಿಗೆ ತಿಳಿಸುವ ಕೆಲಸವೂ ಈ ಯುವಕನ ಪಾಲಿಗೆ ಬಂದಿತ್ತು. ಮಕ್ಕಳ ಜೊತೆ ಇಂಗ್ಲೆಂಡಿನವರೆಗೆ ಹೋಗಿ ಬರಲು ಕೆಲವು ಹಿರಿಯರಿಗೆ ಅನುಮತಿ ಇತ್ತು. ಒಬ್ಬರು ವಾಪಸು ಬರದೆ ಅಲ್ಲೇ ಉಳಿದರೂ ಮುಂದಿನ ಗಾಡಿಗಳು ರದ್ದು ಎಂದು ನಾಜಿಗಳು ಎಚ್ಚರಿಸಿದ್ದರು. ವೋಲ್‌ಹೈಮ್ ಹೋದಷ್ಟು ಸಲವೂ ಮರಳಿದರು. 1943ರ ಮಾರ್ಚ್‌ನಲ್ಲಿ ಅವರನ್ನೂ ಪತ್ನಿಯನ್ನೂ ಮೂರು ವರ್ಷದ ಮಗನನ್ನೂ ಆಶ್‌ವಿಟ್ಸ್‌ಗೆ ಸಾಗಿಸಲಾಯಿತು, ಉಳಿದುಬಂದವರು ಅವರೊಬ್ಬರೇ. ಇಂಗ್ಲೆಂಡಿನ ನೆಲದ ಮೇಲೆ ನಿಂತು, ಇಲ್ಲೇ ಉಳಿದುಬಿಡಲೇ ಎಂಬ ಆಲೋಚನೆಯನ್ನು ಪ್ರತಿ ಸಲ ಹತ್ತಿಕ್ಕಿ, ಮರುದಿನದ ಹಡಗು ಹಿಡಿದ ಈ ಜನರ ಬಗ್ಗೆ ಬರೆದದ್ದು ಕಡಿಮೆಯೆಂದೇ ಹೇಳಬೇಕು.

ಭಾನುವಾರ, ಬರ್ಲಿನ್‌ನಿಂದ ಹುಕ್ ಆಫ್ ಹಾಲೆಂಡ್

ಬರ್ಲಿನ್–ಆಮ್‌ಸ್ಟರ್‌ಡ್ಯಾಂ ಗಾಡಿ ಬಾಡ್ ಬೆಂಟ್‌ಹೈಮ್ ಎಂಬ ಸಣ್ಣ ಊರಿನಲ್ಲಿ ಕೆಲ ನಿಮಿಷ ನಿಲ್ಲುತ್ತದೆ. ಇದು ಜರ್ಮನಿಯ ಕೊನೆಯ ನಿಲ್ದಾಣ. 1938–39ರಲ್ಲಿ ಇಲ್ಲಿ ಮಕ್ಕಳ ಸಾಮಾನುಗಳ ಕೊನೆಯ ತಪಾಸಣೆ ನಡೆಯುತ್ತಿತ್ತು. ಒಂದು ಮಗು ಒಯ್ಯಬಹುದಾಗಿದ್ದದ್ದು ತಾನೇ ಎತ್ತಿಕೊಳ್ಳಬಲ್ಲ ಸೂಟ್‌ಕೇಸು, ಕೈಚೀಲ, 10 ಮಾರ್ಕ್ ಹಣ. ಬೆಲೆಬಾಳುವುದೇನೂ ಇರಕೂಡದು. ಕೊರಳಿಗೆ ಸಂಖ್ಯೆ ಬರೆದ ರಟ್ಟಿನ ಚೀಟಿ. ಸೂಟ್‌ಕೇಸು ತುಂಬಿಸಿದ್ದು ತಾಯಂದಿರು. ಮಗು ಎಷ್ಟು ದೊಡ್ಡದಾಗುವವರೆಗೆ ಬಟ್ಟೆ ಇಡಬೇಕು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಒಂದೆರಡು ಅಳತೆ ದೊಡ್ಡದಾದ ಉಡುಪುಗಳನ್ನು ಹೊಲಿದು ಮಡಿಸಿಟ್ಟವರಿದ್ದರು.

ಗಡಿ ದಾಟಿದೊಡನೆ ಡಚ್ ಹೆಂಗಸರು ಗಾಡಿಯ ಬಳಿಗೆ ಬಂದು ಬಿಸಿ ಕೊಕೊ, ಬಿಳಿ ಬ್ರೆಡ್ಡು ಹಂಚಿದ್ದನ್ನು ಮುಪ್ಪಿನಲ್ಲೂ ನೆನೆದವರು ಬಹಳ ಮಂದಿ. ಈ ಹಾದಿಯ ಡಚ್ ಭಾಗವನ್ನು ತೆರೆಸಿದ ಮಹಿಳೆ ಗೀರ್‌ತ್ರೌಡಾ ವೈಸ್‌ಮುಲ್ಲರ್. ಯಹೂದಿಯಲ್ಲದ ಈಕೆ 1938ರ ಡಿಸೆಂಬರಿನಲ್ಲಿ ವಿಯೆನ್ನಾಕ್ಕೆ ಹೋಗಿ ಅಡಾಲ್ಫ್ ಐಕ್‌ಮನ್‌ನನ್ನೇ ಎದುರಾಬದುರು ಕಂಡರು. ಮುಂದೆ ಲಕ್ಷಾಂತರ ಯಹೂದಿಗಳನ್ನು ಕೊಲೆಗೆ ಸಾಗಿಸಿದ ಅಧಿಕಾರಿ ಈತ. ಬರುವ ಶನಿವಾರವೇ 600 ಮಕ್ಕಳನ್ನು ಹೊರಡಿಸಿದರೆ ಸರಿ, ಆಮೇಲೆ ನೋಡೋಣ ಎಂಬರ್ಥದ ಸವಾಲು ಹಾಕಿದ. ಧರ್ಮನಿಷ್ಠ ಯಹೂದಿಗಳು ಪ್ರಯಾಣ ಮಾಡದ ವಾರವದು ಶನಿವಾರ, ಮೇಲಾಗಿ ಕೈಯಲ್ಲಿದ್ದದ್ದು ನಾಲ್ಕೈದು ದಿನ. ಡಿಸೆಂಬರ್ 10ರಂದು 600 ಮಕ್ಕಳು ವಿಯೆನ್ನಾ ಬಿಟ್ಟರು. 1940ರ ಮೇ 14ರಂದು, ನೆದರ್ಲೆಂಡ್ಸ್ ಶರಣಾದ ದಿನವೇ, ಆಮ್‌ಸ್ಟರ್‌ಡ್ಯಾಂ ಅನಾಥಾಲಯದಲ್ಲಿದ್ದ 74 ಮಕ್ಕಳನ್ನು ಬಸ್ಸುಗಳಲ್ಲಿ ತುಂಬಿ ಐಮೌಡೆನ್ ಬಂದರಿಗೆ ಕರೆದೊಯ್ದು, 'ಬೋಡೆಗ್ರಾವೆನ್' ಎಂಬ ಸರಕು ಹಡಗು ಹತ್ತಿಸಿದವರೂ ಇವರೇ. ಹಡಗಿನಲ್ಲಿ ತಮಗೂ ಜಾಗವಿದ್ದರೂ ಈಕೆ ದಡದಲ್ಲೇ ಉಳಿದರು.

ರಾಟರ್‌ಡ್ಯಾಂ‌ನಿಂದ ಹುಕ್‌ಗೆ ಮೊದಲು ರೈಲಿತ್ತು, 2019ರಿಂದ ಮೆಟ್ರೋ ಓಡುತ್ತಿದೆ. ಹಡಗುಕಟ್ಟೆಯ ಹತ್ತಿರ ಮೈಸ್ಲರ್ ಅವರದೇ ಇನ್ನೊಂದು ಶಿಲ್ಪ ಸಿಕ್ಕಿತು, ಇಲ್ಲಿಯೂ ಮಕ್ಕಳು, ಪೆಟ್ಟಿಗೆಗಳು. ಗಾಳಿ ಜೋರಾಗಿತ್ತು. ರಾತ್ರಿಯ ಹಡಗು ಹತ್ತಿ ಮಲಗಿದೆ.

ಸೋಮವಾರ, ಹಾರಿಚ್

ಬೆಳಗಿನ ಜಾವ ಬಂದಿಳಿಯುವ ಇಂಗ್ಲೆಂಡಿನ ಹಾರಿಚ್ ಬಂದರಿನಲ್ಲಿ ಈಗ ನೋಡಲು ಹೆಚ್ಚೇನಿಲ್ಲ. ಹಳೆಯ ಊರಿನ ಕಟ್ಟೆಯ ಮೇಲೆ 2022ರ ಸೆಪ್ಟೆಂಬರ್ 1ರಂದು ಅನಾವರಣಗೊಂಡ ಸ್ಮಾರಕದಲ್ಲಿ, ಹಡಗಿನ ಏಣಿಹಲಗೆಯಿಂದ ಕೆಳಗಿಳಿಯುತ್ತಿರುವ ಐವರು ಕಂಚಿನ ಮಕ್ಕಳಿದ್ದಾರೆ. ಒಬ್ಬೊಬ್ಬರ ಮುಖಭಾವ ಒಂದೊಂದು ಬಗೆ. ಈ ದಾರಿಯಲ್ಲಿ ಕಂಡ ಶಿಲ್ಪಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ, ಯಾಕೆಂದರೆ ಇಲ್ಲಿ ಎಲ್ಲ ಮಕ್ಕಳೂ ಕೃತಜ್ಞರಂತೆ ಕಾಣುವುದಿಲ್ಲ.

ನನಗೆ ಮುಖ್ಯವಾಗಿ ನೋಡಬೇಕಿದ್ದದ್ದು ಪಕ್ಕದ ಡವರ್‌ಕೋರ್ಟ್. ಸಾಕುವ ಮನೆ ಗೊತ್ತಾಗದೆ ಬಂದ ಮಕ್ಕಳನ್ನು ಅಲ್ಲಿನ ಕಡಲತೀರದ ಬೇಸಿಗೆ ರಜಾಶಿಬಿರದಲ್ಲಿ ಇರಿಸುತ್ತಿದ್ದರು. ಬೇಸಿಗೆಗೆಂದು ಕಟ್ಟಿದ ಮರದ ಗುಡಿಸಲುಗಳು, ಆ ಡಿಸೆಂಬರಿನ ಹಿಮದಲ್ಲಿ ಒಳಗೂ ಹೊರಗೂ ಒಂದೇ ಚಳಿ. ಭಾನುವಾರಗಳಂದು ಊಟದ ಹೊತ್ತಿಗೆ ಸಾಕಲು ಇಚ್ಛೆಯುಳ್ಳ ದಂಪತಿಗಳು ಬಂದು ಮೇಜುಗಳ ನಡುವೆ ಓಡಾಡಿ ಮಕ್ಕಳನ್ನು ಆರಿಸುತ್ತಿದ್ದರು. ಚಿಕ್ಕ ಹುಡುಗಿಯರು ಬೇಗ ಹೋಗುತ್ತಿದ್ದರು, ಹದಿನಾಲ್ಕು ಹದಿನೈದರ ಹುಡುಗರು ಉಳಿದುಬಿಡುತ್ತಿದ್ದರು. ದನದ ಜಾತ್ರೆಯಂತಿತ್ತು ಎಂದು ಆ ಮಕ್ಕಳಲ್ಲಿ ಕೆಲವರು ಮುಂದೆ ನೆನೆದದ್ದುಂಟು. ಶಿಬಿರ ಯುದ್ಧದ ನಂತರ ಮತ್ತೆ ರಜಾಧಾಮವಾಗಿ, 1980ರ ದಶಕದಲ್ಲಿ ಬಿಬಿಸಿಯ ಹಾಸ್ಯ ಧಾರಾವಾಹಿಯೊಂದರ ಚಿತ್ರೀಕರಣಕ್ಕೂ ಬಳಕೆಯಾಗಿ, ಆಮೇಲೆ ನೆಲಸಮವಾಯಿತು. ಈಗ ಅಲ್ಲಿ ಮನೆಗಳ ಸಾಲು.

ಈ ಶಿಬಿರದಲ್ಲಿ ಇದ್ದವರಲ್ಲಿ ಲೋರ್ ಸೆಗಲ್ ಒಬ್ಬರು. ಮುಂದೆ ಅಮೆರಿಕದ ಹೆಸರಾಂತ ಲೇಖಕಿಯಾದ ಇವರು ವಿಯೆನ್ನಾದ ಆ ಮೊದಲ ಗಾಡಿಯಲ್ಲಿ ಬಂದಾಗ ಹತ್ತು ವರ್ಷದ ಹುಡುಗಿ. ಹೊರಡುವಾಗ ತಂದೆ, ಇಂಗ್ಲೆಂಡ್ ತಲುಪಿದ ಮೇಲೆ ಸಿಕ್ಕವರಿಗೆಲ್ಲ ಹೇಳಿ ನಮ್ಮನ್ನು ಕರೆಸಿಕೊಳ್ಳಬೇಕು ಎಂದು ಕೆಲಸ ಒಪ್ಪಿಸಿದ್ದರು. ಹುಡುಗಿ ಡವರ್‌ಕೋರ್ಟ್‌ನ ಚಳಿಯಲ್ಲಿ ಕುಳಿತು ಪತ್ರ ಬರೆದಳು. ಅದು ಕೈಯಿಂದ ಕೈಗೆ ಸಾಗಿ ನಿರಾಶ್ರಿತರ ಸಮಿತಿಯನ್ನು ಮುಟ್ಟಿ, ತಂದೆತಾಯಿಗೆ ಮನೆಗೆಲಸದವರ ವೀಸಾ ಸಿಕ್ಕಿತು. ಅವಳ ಹನ್ನೊಂದನೇ ಹುಟ್ಟುಹಬ್ಬದ ದಿನ ಅವರು ಬಂದಿಳಿದರು. ದೊಡ್ಡವರಿಗೆ ತೆರೆದಿದ್ದ ಕೆಲವೇ ಬಾಗಿಲುಗಳಲ್ಲಿ ಇದೊಂದು: ಬ್ರಿಟಿಷರ ಮನೆಗಳಲ್ಲಿ ಅಡುಗೆ, ಕಸಮುಸುರೆ ಮಾಡಲು ಸುಮಾರು 20,000 ಹೆಂಗಸರು ಹೀಗೆ ಬಂದರು. ಎಂಟು, ಹತ್ತು ವಯಸ್ಸಿನ ಮಕ್ಕಳು ಪರಿಚಯವಿಲ್ಲದ ಬೀದಿಗಳಲ್ಲಿ ಮನೆಯಿಂದ ಮನೆಗೆ ಹೋಗಿ, ಕರೆಗಂಟೆ ಒತ್ತಿ, ಬಾರದ ಇಂಗ್ಲಿಷಿನಲ್ಲಿ ಅಮ್ಮನಿಗೆ ಅಡುಗೆ ಕೆಲಸ, ಅಪ್ಪನಿಗೆ ತೋಟದ ಕೆಲಸ ಕೊಡುವಿರಾ ಎಂದು ಕೇಳಿದ ಸಂಗತಿ ಅನೇಕರ ನೆನಪುಗಳಲ್ಲಿ ದಾಖಲಾಗಿದೆ. ಸರ್ಕಾರಗಳು ಕೈಬಿಟ್ಟ ಕೆಲಸವನ್ನು ಮಕ್ಕಳು ತಲೆಯ ಮೇಲೆ ಹೊತ್ತರು. ಕೆಲಸ ಗೊತ್ತಾಗಿ, ವೀಸಾ ಕೈಗೆ ಬಂದು, ಸೆಪ್ಟೆಂಬರ್ ಮೊದಲ ವಾರಕ್ಕೆ ಟಿಕೆಟ್ ಆಗಿದ್ದ ತಂದೆತಾಯಿಯರೂ ಇದ್ದರು. ಯುದ್ಧ ಶುರುವಾದ ದಿನ ಆ ವೀಸಾಗಳು ಬೆಲೆ ಕಳೆದುಕೊಂಡವು. ಎಂಟು ಒಂಬತ್ತರ ಮಗುವೊಂದು, ತಾನು ಇನ್ನೊಂದು ಬಾಗಿಲು ಬಡಿಯಬೇಕಿತ್ತು ಎಂಬ ಕೊರಗನ್ನು ಜೀವನಪೂರ್ತಿ ಇಟ್ಟುಕೊಂಡರೆ ಅದನ್ನು ಸಮಾಧಾನ ಮಾಡುವುದು ಸುಲಭವಲ್ಲ.

ಮಂಗಳವಾರ, ಲಂಡನ್

ಹಾರಿಚ್ ಕಡೆಯ ಗಾಡಿಗಳು ಈಗಲೂ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣಕ್ಕೇ ಬರುತ್ತವೆ. ಹೊರಗಿನ ಚೌಕದಲ್ಲಿ ಮೈಸ್ಲರ್ 2006ರಲ್ಲಿ ಸ್ಥಾಪಿಸಿದ 'ಆಗಮನ' ಶಿಲ್ಪವಿದೆ. ಐವರು ಮಕ್ಕಳು, ಪಿಟೀಲಿನ ಪೆಟ್ಟಿಗೆ, ತುಂಡು ರೈಲುಹಳಿ, ಸುತ್ತಲೂ ಮಕ್ಕಳು ಹೊರಟ ನಗರಗಳ ಹೆಸರುಗಳು. ಮಧ್ಯಾಹ್ನದ ಹೊತ್ತು ಆಸುಪಾಸಿನ ಬ್ಯಾಂಕುಗಳ ನೌಕರರು ಅಲ್ಲಿಯೇ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಾರೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ನಿಲ್ದಾಣದಲ್ಲಿ ಮಕ್ಕಳ ಹೆಸರು ಕೂಗಿ ಸಾಕುವವರ ಕೈಗೆ ಒಪ್ಪಿಸಿದ ಮೇಲಿನ ಕಥೆ ಒಬ್ಬೊಬ್ಬರದು ಒಂದೊಂದು. ಮಗಳಂತೆ ಬೆಳೆಸಿದವರಿದ್ದರು, ಸಂಬಳವಿಲ್ಲದ ಆಳಿನಂತೆ ದುಡಿಸಿದವರೂ ಇದ್ದರು. 1940ರಲ್ಲಿ ಹದಿನಾರು ದಾಟಿದ ಸುಮಾರು 1,000 ಹುಡುಗ ಹುಡುಗಿಯರನ್ನು, ಶತ್ರು ದೇಶದ ಪ್ರಜೆಗಳೆಂಬ ಕಾರಣಕ್ಕೆ, ಇದೇ ಬ್ರಿಟನ್ ಬಂಧನದಲ್ಲಿಟ್ಟಿತು. ಕೆಲವರನ್ನು ಕೆನಡಾಕ್ಕೂ ಆಸ್ಟ್ರೇಲಿಯಾಕ್ಕೂ ಹಡಗಿನಲ್ಲಿ ಕಳಿಸಿತು. ಮುಂದೆ ನೊಬೆಲ್ ಪಡೆದ ವಿಜ್ಞಾನಿ ವಾಲ್ಟರ್ ಕೋನ್ ಕೆನಡಾಕ್ಕೆ ಹೋದವರಲ್ಲಿ ಒಬ್ಬರು. ಪ್ರಾಗ್‌ನಿಂದ ಆರು ವರ್ಷದವನಾಗಿ ಬಂದ ಆಲ್ಫ್ ಡಬ್ಸ್ ಬ್ರಿಟನ್ನಿನ ಸಂಸತ್ ಸದಸ್ಯರಾಗಿ, 2016ರಲ್ಲಿ ಯುರೋಪಿನಲ್ಲಿದ್ದ ಒಂಟಿ ನಿರಾಶ್ರಿತ ಮಕ್ಕಳಿಗೆ ದೇಶದ ಬಾಗಿಲು ತೆರೆಯಬೇಕೆಂಬ ತಿದ್ದುಪಡಿ ತಂದರು. ಸರ್ಕಾರ ಆ ದಾರಿಯನ್ನು 480 ಮಕ್ಕಳಿಗಷ್ಟೇ ಸೀಮಿತಗೊಳಿಸಿತು.

ಮಧ್ಯಾಹ್ನದ ಬಳಿಕ ರಸೆಲ್ ಸ್ಕ್ವೇರ್‌ನ ವೀನರ್ ಹೊಲೊಕಾಸ್ಟ್ ಗ್ರಂಥಾಲಯಕ್ಕೆ ಹೋದೆ. ಯುದ್ಧ ಆರಂಭವಾದ ಮೇಲೆ ಶತ್ರು ದೇಶಗಳ ನಡುವೆ ಅಂಚೆ ನಿಂತಿತು, ಉಳಿದದ್ದು ರೆಡ್ ಕ್ರಾಸ್ ಮೂಲಕ ಕಳಿಸುವ ಸಂದೇಶ ಮಾತ್ರ. ಅದಕ್ಕೆ 25 ಪದಗಳ ಮಿತಿ. ತಲುಪಲು ತಿಂಗಳುಗಳು ಬೇಕಾಗುತ್ತಿದ್ದವು, ಉತ್ತರವನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆಯಬೇಕಿತ್ತು. ನಾವು ಚೆನ್ನಾಗಿದ್ದೇವೆ, ನೀನು ಚೆನ್ನಾಗಿ ಓದು, ಹೇಳಿದಂತೆ ಕೇಳು ಎಂಬಂಥ ಮಾತುಗಳಿಗೇ 25 ಪದ ಮುಗಿಯುತ್ತಿತ್ತು. 1942ರ ಹೊತ್ತಿಗೆ, ತಾವು ಪ್ರಯಾಣ ಹೊರಡುತ್ತಿದ್ದೇವೆ ಎಂಬರ್ಥದ ಸಂದೇಶ ಅನೇಕರಿಗೆ ಬಂತು. ಬಳಿಕ ಏನೂ ಬರಲಿಲ್ಲ. ಬಂದ ಮಕ್ಕಳಲ್ಲಿ ಹೆಚ್ಚಿನವರು ತಂದೆತಾಯಿಯನ್ನು ಮತ್ತೆ ನೋಡಲಿಲ್ಲ. ಉಳಿದುಬಂದ ತಾಯಿಯನ್ನು ಆರೇಳು ವರ್ಷಗಳ ನಂತರ ಕಂಡಾಗ, ಜರ್ಮನ್ ಮರೆತಿದ್ದ ಮಗುವಿಗೂ ಇಂಗ್ಲಿಷ್ ತಿಳಿಯದ ತಾಯಿಗೂ ನಡುವೆ ಮಾತೇ ಸಾಧ್ಯವಾಗದ ಮನೆಗಳೂ ಇದ್ದವು.

2018ರ ಕೊನೆಯಲ್ಲಿ ಜರ್ಮನ್ ಸರ್ಕಾರ, ಬದುಕಿರುವ ಪ್ರತಿಯೊಬ್ಬ 'ಮಗು'ವಿಗೂ 2,500 ಯೂರೋ ಕೊಡಲು ಒಪ್ಪಿತು. ಕೇಳಿದವರಲ್ಲಿ ಹೆಚ್ಚಿನವರು ತೊಂಬತ್ತರ ಆಸುಪಾಸಿನವರು. ಈ ಗ್ರಂಥಾಲಯದಲ್ಲಿ ನಾಜಿ ಕಾಲದ ಸಾಗಣೆ ಪಟ್ಟಿಗಳು, ಶಿಬಿರಗಳ ದಾಖಲೆಗಳು, ಯುದ್ಧಾನಂತರದ ಹುಡುಕಾಟದ ಕಡತಗಳು ಸೇರಿದ ಬೃಹತ್ ಸಂಗ್ರಹದ ಡಿಜಿಟಲ್ ಪ್ರತಿಯಿದೆ. ತಮ್ಮವರಿಗೆ ಏನಾಯಿತೆಂದು ಕೇಳಿಕೊಂಡು ಬರುವ ಕುಟುಂಬಗಳಿಗೆ ಇಲ್ಲಿನ ಸಂಶೋಧಕರು ಆ ಪಟ್ಟಿಗಳಲ್ಲಿ ಹೆಸರು ಹುಡುಕಿಕೊಡುತ್ತಾರೆ. ಈಗ ಅರ್ಜಿ ಹಾಕುವವರಲ್ಲಿ ಮಕ್ಕಳಿಗಿಂತ ಮೊಮ್ಮಕ್ಕಳೇ ಹೆಚ್ಚು.